ಪದ್ಮಿನಿಗೆ ಪ್ರೋಗ್ರಾಮೆಬಲ್ ಟೈಮಿಂಗ್: ಡಿಸ್ಟ್ರಿಬ್ಯೂಟರ್‌ನಲ್ಲೋ, ಕ್ರ್ಯಾಂಕ್ ಪುಲ್ಲಿಯಲ್ಲೋ?

ನನ್ನ ಪ್ರೀಮಿಯರ್ ಪದ್ಮಿನಿ ಕಾರಿನ ಹಳೆ ಡಿಸ್ಟ್ರಿಬ್ಯೂಟರ್‌ನಲ್ಲಿ (ಪ್ಲಗ್‌ಗಳಿಗೆ ಸರದಿಯಂತೆ ಸ್ಪಾರ್ಕ್ ಹಂಚುವ ಭಾಗ) ತೂಕ, ಸ್ಪ್ರಿಂಗ್, ಬುಷ್ ಎಲ್ಲಾ ಸವೆದಿದ್ದವು. ಶಿರಾಡಿ ಘಾಟಿ ಹತ್ತುವಾಗ ಕಟಕಟ ನಾಕಿಂಗ್. ಟೈಮಿಂಗ್, ಅಂದರೆ ಸ್ಪಾರ್ಕ್ ಬೀಳುವ ಕ್ಷಣ, ಸ್ವಲ್ಪ ಹಿಂದಕ್ಕೆ ತಿರುಗಿಸಿದರೆ ನಾಕಿಂಗ್ ಹೋಗುತ್ತಿತ್ತು, ಜೊತೆಗೆ ಪಿಕಪ್ ಕೂಡ. ಹಾಗಾಗಿ ಟೈಮಿಂಗ್ ಅನ್ನು ಫೋನ್ ಅಥವಾ ಲ್ಯಾಪ್‌ಟಾಪ್‌ನಿಂದ ಬದಲಿಸಬಲ್ಲ ಎರಡು ಪ್ರೋಗ್ರಾಮೆಬಲ್ ಸೆಟಪ್‌ಗಳನ್ನು ಒಂದಾದ ಮೇಲೊಂದು ಹಾಕಿ ಓಡಿಸಿದೆ.

ಮೊದಲನೆಯದು ಡಚ್ ಕಂಪನಿ 123ಇಗ್ನಿಷನ್‌ನ ಟ್ಯೂನ್ ಪ್ಲಸ್. ನೋಡಲು ಮಾಮೂಲಿ ಡಿಸ್ಟ್ರಿಬ್ಯೂಟರ್, ಒಳಗೆ ಪೂರ್ತಿ ಎಲೆಕ್ಟ್ರಾನಿಕ್ಸ್. ಶಾಫ್ಟ್‌ನ ಕೆಳತುದಿಯನ್ನು ನಮ್ಮ ಎಂಜಿನ್‌ಗೆ ಹೊಂದುವಂತೆ ಲೇತ್‌ನಲ್ಲಿ ಮಾಡಿಸಿದ್ದು ಬಿಟ್ಟರೆ ಬೇರೆ ಕೆಲಸವೇ ಇರಲಿಲ್ಲ. ಎರಡು ವೈರು, ಒಂದು ವ್ಯಾಕ್ಯೂಮ್ ಪೈಪು, ಅಷ್ಟೇ. ಬ್ಲೂಟೂತ್‌ನಲ್ಲಿ ಫೋನಿಗೆ ಸೇರಿಸಿ ಆರ್‌ಪಿಎಂಗೊಂದು ಗೆರೆ, ವ್ಯಾಕ್ಯೂಮ್‌ಗೊಂದು ಗೆರೆ ಎಳೆದರಾಯಿತು. ಎಂಜಿನ್ ಓಡುತ್ತಿದ್ದಾಗಲೇ ಡಿಗ್ರಿ (ಪಿಸ್ಟನ್ ತುದಿ ಮುಟ್ಟುವ ಎಷ್ಟು ಕ್ರ್ಯಾಂಕ್ ಡಿಗ್ರಿ ಮುಂಚೆ ಸ್ಪಾರ್ಕ್ ಬರಬೇಕು ಎಂಬ ಲೆಕ್ಕ) ಕೂಡಿಸಬಹುದು, ಕಳೆಯಬಹುದು. ಪಕ್ಕದಲ್ಲಿ ಒಬ್ಬರನ್ನು ಕೂರಿಸಿಕೊಂಡು ಘಾಟಿಯಲ್ಲೇ ಟ್ಯೂನ್ ಮಾಡುವ ಸುಖ ಬೇರೆ ಯಾವುದರಲ್ಲೂ ಇಲ್ಲ ಬಿಡಿ.

ಎರಡನೆಯದು ಮೆಗಾಜೋಲ್ಟ್, ಟೈಮಿಂಗ್ ಲೆಕ್ಕ ಹಾಕುವ ಎಲೆಕ್ಟ್ರಾನಿಕ್ ಪೆಟ್ಟಿಗೆ. ಇದಕ್ಕೆ ಕೆಲಸ ಜಾಸ್ತಿ. ಕ್ರ್ಯಾಂಕ್ ಪುಲ್ಲಿಗೆ 36-1 ಚಕ್ರ ಕೂರಿಸಬೇಕು. ಅಂದರೆ 36 ಹಲ್ಲಿನ ಜಾಗ, ಅದರಲ್ಲಿ ಒಂದು ಖಾಲಿ. ಎದುರಿಗೆ ಸೆನ್ಸರ್, ನಡುವೆ ಸುಮಾರು ಒಂದು ಮಿಲಿಮೀಟರ್ ಸಂದು. ಸೆನ್ಸರ್ ಹಿಡಿಯುವ ಪಟ್ಟಿ ದಪ್ಪಗಿರಲಿ; ತೆಳು ತಗಡಾದರೆ ಅದು ಅದುರಿ ಸಿಗ್ನಲ್ ಕೆಡುತ್ತದೆ. ಇದರ ಜೊತೆ ಯುರೋಪಿನ ಹಳೆ ಎಸ್ಕಾರ್ಟ್, ಫಿಯೆಸ್ಟಾಗಳಲ್ಲಿದ್ದ ಫೋರ್ಡ್ ಇಡಿಐಎಸ್-4 ಮಾಡ್ಯೂಲ್ (ಡಿಸ್ಟ್ರಿಬ್ಯೂಟರ್ ಇಲ್ಲದೆ ಕಾಯಿಲ್‌ಗಳನ್ನು ನಡೆಸುವ ಘಟಕ) ಮತ್ತು ಸ್ಪಾರ್ಕ್ ಹುಟ್ಟಿಸುವ ಕಾಯಿಲ್ ಪ್ಯಾಕ್ ಹುಡುಕಿ ತರಬೇಕು. ನಾಲ್ಕು ಸಿಲಿಂಡರ್ ಎಂಜಿನ್‌ನಲ್ಲಿ ಟಿಡಿಸಿಗೆ (ಪಿಸ್ಟನ್ ತುತ್ತತುದಿ ಮುಟ್ಟುವ ಜಾಗ) 90 ಡಿಗ್ರಿ ಮುಂಚೆ ಖಾಲಿ ಹಲ್ಲು ಸೆನ್ಸರ್ ಎದುರು ಬರಬೇಕು. ಒಂಬತ್ತು ಹಲ್ಲು ಎಣಿಸಿದರೆ ಸಾಕು, ಪ್ರತಿ ಹಲ್ಲಿಗೆ ಹತ್ತು ಡಿಗ್ರಿ. ಮ್ಯಾಪ್, ಅಂದರೆ ಆರ್‌ಪಿಎಂ ಮತ್ತು ಲೋಡ್‌ಗೆ ತಕ್ಕ ಡಿಗ್ರಿಗಳ ಕೋಷ್ಟಕ, ಬದಲಾಯಿಸಲು ಲ್ಯಾಪ್‌ಟಾಪ್ ಬೇಕು. ಹತ್ತು ಸಾಲು, ಹತ್ತು ಕಾಲಂ.

ಕೂರಿಸುವ ವಿಷಯದಲ್ಲಿ 123 ಗೆದ್ದಿತು. ಆದರೆ ಫೋನು ತೋರಿಸುವ ಡಿಗ್ರಿ ಪುಲ್ಲಿಯಲ್ಲಿ ನಿಜವಾಗಿ ಇದೆಯಾ? ಅದು ಟೈಮಿಂಗ್ ಲೈಟ್ (ಸ್ಪಾರ್ಕ್ ಆದಾಗಲೆಲ್ಲ ಮಿನುಗಿ ಪುಲ್ಲಿಯ ಗುರುತು ತೋರಿಸುವ ದೀಪ) ಹಿಡಿದರೆ ಮಾತ್ರ ಗೊತ್ತಾಗೋದು.

ಮೊದಲು ಟಿಡಿಸಿ ಗುರುತು ಸರಿಯಿದೆಯೇ ನೋಡಿ. ಹಳೆ ಗಾಡಿಯ ಗುರುತನ್ನು ಸುಮ್ನೆ ನಂಬಬೇಡಿ. ಪ್ಲಗ್ ತೂತಿನಲ್ಲಿ ಪಿಸ್ಟನ್ ತಡೆಯುವ ಬೋಲ್ಟ್ ಹಾಕಿ, ಎಂಜಿನ್ ಅನ್ನು ಕೈಯಲ್ಲೇ ಎರಡೂ ಕಡೆ ಮೆಲ್ಲಗೆ ತಿರುಗಿಸಿ. ಅದು ನಿಂತ ಎರಡು ಜಾಗಗಳ ನಟ್ಟ ನಡುವೆ ನಿಜವಾದ ಟಿಡಿಸಿ.

ಆಮೇಲೆ ಮ್ಯಾಪ್‌ನಲ್ಲಿ ಎಲ್ಲಾ ಆರ್‌ಪಿಎಂಗೂ ಒಂದೇ ಡಿಗ್ರಿ ಕೊಟ್ಟು, ಐಡಲ್‌ನಿಂದ 3000ದವರೆಗೆ ಏರಿಸಿ ಗುರುತು ನೋಡಿದೆ. 123ರಲ್ಲಿ ಅದು ಸ್ವಲ್ಪ ಓಲಾಡುತ್ತಿತ್ತು. ತಪ್ಪು ಅದರದ್ದಲ್ಲ, ನನ್ನ ಎಂಜಿನ್‌ನ ಸವೆದ ಗೇರಿನದ್ದು. ಡಿಸ್ಟ್ರಿಬ್ಯೂಟರ್ ಕ್ರ್ಯಾಂಕ್‌ನ ಅರ್ಧ ವೇಗದಲ್ಲಿ ತಿರುಗುತ್ತದೆ. ಅಲ್ಲಿ ಒಂದು ಡಿಗ್ರಿ ಆಟ ಇದ್ದರೆ ಕ್ರ್ಯಾಂಕ್‌ನಲ್ಲಿ ಎರಡು ಡಿಗ್ರಿ. ಮೆಗಾಜೋಲ್ಟ್ ನೇರ ಕ್ರ್ಯಾಂಕ್‌ನಿಂದಲೇ ಓದುವುದರಿಂದ ಗುರುತು ಅಂಟಿಸಿದಂತೆ ನಿಂತಿತು. ಅಲ್ಲೂ ಅದು ಆರ್‌ಪಿಎಂ ಜೊತೆ ಜಾರಿದರೆ ಸೆನ್ಸರ್‌ನ ಎರಡು ವೈರು ಅದಲುಬದಲಾಗಿವೆಯೇ ನೋಡಿ.

ಇಡಿಐಎಸ್‌ನಲ್ಲಿ ನನಗೆ ತುಂಬಾ ಹಿಡಿಸಿದ್ದು ಇನ್ನೊಂದಿದೆ. ಮೆಗಾಜೋಲ್ಟ್ ಕನೆಕ್ಟರ್ ಕಿತ್ತರೂ ಎಂಜಿನ್ ಓಡುತ್ತದೆ, ಟೈಮಿಂಗ್ 10 ಡಿಗ್ರಿಗೆ ನಿಲ್ಲುತ್ತದೆ. ಚಕ್ರ ಸರಿ ಕೂತಿದೆಯೇ ಅಂತ ನೋಡಲು ಇಷ್ಟು ಸಾಕು. ದಾರಿಯಲ್ಲಿ ಪೆಟ್ಟಿಗೆ ಕೈಕೊಟ್ಟರೂ ಮನೆ ಸೇರಬಹುದು.

ಒಂದು ಎಚ್ಚರಿಕೆ. ಈ ಕಾಯಿಲ್ ಪ್ಯಾಕ್ ಪ್ರತಿ ಪ್ಲಗ್‌ಗೆ ಎರಡು ಸುತ್ತಿಗೊಮ್ಮೆ ಬದಲು ಪ್ರತಿ ಸುತ್ತಿಗೂ ಸ್ಪಾರ್ಕ್ ಕೊಡುತ್ತದೆ. ಹಾಗಾಗಿ ಡಯಲ್ ಇರುವ ಟೈಮಿಂಗ್ ಲೈಟ್ ಮೋಸ ಹೋಗಿ, 10 ಇದ್ದದ್ದನ್ನು 20 ಅನ್ನುತ್ತದೆ. ಲೈಟ್‌ನಲ್ಲಿ 2-ಸ್ಟ್ರೋಕ್ ಸ್ವಿಚ್ ಇದ್ದರೆ ಹಾಕಿಕೊಳ್ಳಿ. ಇಲ್ಲವೆಂದರೆ ಡಯಲ್ ಸೊನ್ನೆಗೆ ಇಟ್ಟು, ಪುಲ್ಲಿಯ ಮೇಲೆ 10, 20, 30 ಡಿಗ್ರಿಗೆ ಬಿಳಿ ಪೇಂಟ್ ಗೆರೆ ಹಾಕಿ. ನಾನು ಈಗ ಹಾಗೇ ನೋಡೋದು.

ಗೇರು ಗಟ್ಟಿಯಿದ್ದು, ಬಾನೆಟ್ ಎತ್ತಿದಾಗ ಹಳೆ ರೂಪವೇ ಕಾಣಬೇಕು ಅನ್ನುವವರು 123 ಹಾಕಿಕೊಳ್ಳಿ. ನನ್ನ ಗಾಡಿಯಲ್ಲಿ ಉಳಿದಿರುವುದು ಮೆಗಾಜೋಲ್ಟ್.