ಹೈಬ್ರಿಡ್ ಕಾರಿನಲ್ಲಿ ಒಂದು ಟ್ಯಾಂಕಿಗೆ ಹೆಚ್ಚು ದೂರ: ಬೆಂಗಳೂರಿನ ರಸ್ತೆಗಳಲ್ಲಿ ಮಾಡಿದ ಹೋಲಿಕೆ

ಪೆಟ್ರೋಲ್ ಎಂಜಿನ್ನಿನ ಜೊತೆಗೆ ಬ್ಯಾಟರಿ, ವಿದ್ಯುತ್ ಮೋಟಾರೂ ಇರುವ ಟೊಯೋಟಾ ಹೈರೈಡರ್ ಹೈಬ್ರಿಡ್ ಕಾರಿನ ಪ್ರಮಾಣೀಕೃತ ಮೈಲೇಜ್ ಲೀಟರಿಗೆ 27.97 ಕಿಲೋಮೀಟರ್, ಅದರ ಟ್ಯಾಂಕ್ 45 ಲೀಟರಿನದು. ಎರಡನ್ನೂ ಗುಣಿಸಿ ನೋಡಿದರೆ ಒಂದು ಟ್ಯಾಂಕಿಗೆ 1,250 ಕಿಲೋಮೀಟರ್ ದಾಟಬೇಕು. ಬೆಂಗಳೂರಿನಲ್ಲಿ ಅಷ್ಟು ದೂರ ಓಡಿದ ಟ್ಯಾಂಕನ್ನು ನಾನು ಕಂಡಿಲ್ಲ. ಆದರೆ ಕಾರು, ಚಾಲಕ, ಊರು ಯಾವುದೂ ಬದಲಾಗದೆ ಓಡಿಸುವ ಕ್ರಮ ಮತ್ತು ಹಿಡಿಯುವ ದಾರಿ ಬದಲಾದ ಮಾತ್ರಕ್ಕೆ ಮೈಲೇಜ್ ಲೀಟರಿಗೆ 19ರಿಂದ 26ರವರೆಗೆ ಏರಿಳಿಯುವುದನ್ನು ಅಳೆದು ನೋಡಿದ್ದೇನೆ. ಈ ಅಂತರ ಎಲ್ಲಿಂದ ಬರುತ್ತದೆ, ಜನ ಹೇಳುವ ಉಪಾಯಗಳಲ್ಲಿ ಯಾವುದು ನಿಜವಾಗಿ ಪೆಟ್ರೋಲ್ ಉಳಿಸುತ್ತದೆ ಎಂಬುದನ್ನು ಒಂದರ ಪಕ್ಕದಲ್ಲಿ ಒಂದಿಟ್ಟು ಇಲ್ಲಿ ಬರೆದಿದ್ದೇನೆ.

ಮೊದಲು ಅಳತೆಯ ಮಾತು. ನನ್ನ ಕಾರಿನ ಡ್ಯಾಶ್‌ಬೋರ್ಡ್ ತೋರಿಸುವ ಸರಾಸರಿ, ಬಂಕಿನ ಲೆಕ್ಕಕ್ಕಿಂತ ಸದಾ ಸ್ವಲ್ಪ ಹೆಚ್ಚೇ ಇರುತ್ತದೆ. ಆದ್ದರಿಂದ ಒಂದೇ ಬಂಕಿನಲ್ಲಿ, ಒಂದೇ ಪಂಪಿನಲ್ಲಿ ಫುಲ್ ಟ್ಯಾಂಕ್ ಮಾಡಿಸಿ, ನಳಿಗೆ ತಾನಾಗಿ ನಿಂತ ಕೂಡಲೇ ಸಾಕೆಂದು ಹೇಳಿ, ಮುಂದಿನ ಸಲ ಹಿಡಿಸಿದ ಲೀಟರಿನಿಂದ ಓಡಿದ ದೂರವನ್ನು ಭಾಗಿಸುವ ಹಳೆಯ ವಿಧಾನವನ್ನೇ ನಂಬಿದ್ದೇನೆ. ಬಂಕಿನ ಹುಡುಗರು ಹಣದ ಲೆಕ್ಕ ಸರಿಹೊಂದಲೆಂದು ಇನ್ನಷ್ಟು ಸುರಿಯಲು ಬರುತ್ತಾರೆ. ಅದನ್ನು ತಡೆಯದಿದ್ದರೆ ಅಳತೆಯೂ ಕೆಡುತ್ತದೆ, ಪೆಟ್ರೋಲ್ ಆವಿಯನ್ನು ಹಿಡಿದಿಡುವ ವ್ಯವಸ್ಥೆಗೂ ಒಳ್ಳೆಯದಲ್ಲ.

ಹೈಬ್ರಿಡ್ ಕೊಂಡವರೆಲ್ಲ ಮೊದಲು ಒತ್ತುವುದು ಬ್ಯಾಟರಿಯಿಂದಲೇ ಕಾರನ್ನು ಓಡಿಸುವ ಇ.ವಿ. ಗುಂಡಿಯನ್ನು. ಎಂಜಿನ್ ಆರಿ, ಸದ್ದಿಲ್ಲದೆ ಕಾರು ಸಾಗುವಾಗ ಪೆಟ್ರೋಲ್ ಉಳಿಯಿತೆಂಬ ಭಾವನೆ ಸಹಜವಾಗಿಯೇ ಬರುತ್ತದೆ. ಆದರೆ ಈ ಕಾರಿನ ಬ್ಯಾಟರಿಯ ಸಾಮರ್ಥ್ಯ 0.76 ಕಿಲೋವ್ಯಾಟ್-ಗಂಟೆ ಮಾತ್ರ. ಒಂದು ಲೀಟರ್ ಪೆಟ್ರೋಲಿನಲ್ಲಿ ಅಡಗಿರುವ ಶಕ್ತಿ ಸುಮಾರು 9 ಕಿಲೋವ್ಯಾಟ್-ಗಂಟೆ. ಈ ಬ್ಯಾಟರಿಯನ್ನು ಮನೆಯ ಪ್ಲಗ್ಗಿಗೆ ಸಿಕ್ಕಿಸಿ ಚಾರ್ಜ್ ಮಾಡಲಾಗದು. ಅಂದರೆ ಬ್ಯಾಟರಿಯಲ್ಲಿರುವ ವಿದ್ಯುತ್ತೆಲ್ಲ ಎಂದೋ ಒಮ್ಮೆ ಪೆಟ್ರೋಲಿನಿಂದಲೇ ಬಂದದ್ದು. ಅಂಗಡಿಯ ಗಲ್ಲಾಪೆಟ್ಟಿಗೆಯಲ್ಲಿ ದಿನವಿಡೀ ಹಣ ಓಡಾಡುತ್ತದೆ, ಅದು ಉಳಿತಾಯದ ಖಾತೆಯಲ್ಲ. ಹೈಬ್ರಿಡ್ ಕಾರಿನ ಬ್ಯಾಟರಿಯೂ ಹಾಗೆಯೇ.

ನಾನು ಕನಕಪುರ ರಸ್ತೆಯ ಬದಿಯ ಮನೆಯಿಂದ ಎಲೆಕ್ಟ್ರಾನಿಕ್ ಸಿಟಿಯ ಕಚೇರಿಗೆ ಹೋಗಿಬರುವವನು. ಸಾಧ್ಯವಾದಲ್ಲೆಲ್ಲ ಗುಂಡಿ ಒತ್ತಿ ಓಡಿಸಿದ ಟ್ಯಾಂಕುಗಳನ್ನು, ಗುಂಡಿಯ ಗೊಡವೆಗೇ ಹೋಗದೆ ಕಾರಿನ ತೀರ್ಮಾನಕ್ಕೆ ಬಿಟ್ಟ ಟ್ಯಾಂಕುಗಳೊಂದಿಗೆ ಹೋಲಿಸಿದಾಗ, ಎರಡನೆಯದೇ ಲೀಟರಿಗೆ ಒಂದೂವರೆ ಕಿಲೋಮೀಟರಿನಷ್ಟು ಮುಂದಿತ್ತು. ಕಾರಣ ಸ್ಪಷ್ಟವಾಗಿದೆ. ಒತ್ತಾಯದಿಂದ ಬ್ಯಾಟರಿಯನ್ನು ತಳ ಮುಟ್ಟಿಸಿದ ಮೇಲೆ ಎಂಜಿನ್ ಕಾರನ್ನೂ ಎಳೆಯಬೇಕು, ಬ್ಯಾಟರಿಯನ್ನೂ ತುಂಬಬೇಕು. ಸಿಗ್ನಲ್ಲಿನಲ್ಲಿ ನಿಂತಾಗಲೂ ಓಡುತ್ತಿರಬೇಕಾಗುತ್ತದೆ. ಎಂಜಿನ್ನಿನಿಂದ ಜನರೇಟರಿಗೆ, ಅಲ್ಲಿಂದ ಬ್ಯಾಟರಿಗೆ, ಬ್ಯಾಟರಿಯಿಂದ ಮೋಟಾರಿಗೆ ಎಂದು ಶಕ್ತಿ ಕೈ ಬದಲಾಯಿಸಿದಷ್ಟು ಸಲ ಒಂದಿಷ್ಟು ಶಾಖವಾಗಿ ಸೋರಿಹೋಗುತ್ತದೆ. ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ಕಾರನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸರಿಸಿ ನಿಲ್ಲಿಸುವಾಗ ಮಾತ್ರ ನಾನು ಈಗ ಆ ಗುಂಡಿಯನ್ನು ಬಳಸುತ್ತೇನೆ. ಆ ಹತ್ತಿಪ್ಪತ್ತು ಮೀಟರಿಗೆ ತಣ್ಣಗಿನ ಎಂಜಿನ್ ಹೊತ್ತಿಕೊಳ್ಳದಿರುವುದು ನಿಜಕ್ಕೂ ಲಾಭ.

ಇದಕ್ಕೇ ಅಂಟಿಕೊಂಡ ಇನ್ನೊಂದು ಹೋಲಿಕೆಯೆಂದರೆ, ಸಿಗ್ನಲ್ ಬಿಟ್ಟ ಮೇಲೆ ವೇಗ ಹಿಡಿಯುವ ಬಗೆ. ಆಮೆಯ ಹಾಗೆ ಎಳೆದು, ಎಂಜಿನ್ ಹೊತ್ತಿಕೊಳ್ಳದಂತೆ ಪಾದವನ್ನು ಗರಿಯಷ್ಟು ಹಗುರಾಗಿ ಇಡಬೇಕೆಂದು ಹಲವರು ಸಲಹೆ ಕೊಡುತ್ತಾರೆ. ಹೈರೈಡರಿನ ಮಾಪಕದಲ್ಲಿ ಚಾರ್ಜ್, ಇಕೋ, ಪವರ್ ಎಂಬ ಮೂರು ವಲಯಗಳಿವೆ. ಮುಳ್ಳನ್ನು ಇಕೋ ವಲಯದ ತಳದಲ್ಲೇ ಇಟ್ಟು ತೆವಳಿದ್ದಕ್ಕಿಂತ, ಅದೇ ವಲಯದ ಮೇಲಂಚಿನವರೆಗೆ ಏರಿಸಿ, ಎಂಜಿನ್ ಧಾರಾಳವಾಗಿ ಕೆಲಸ ಮಾಡಲು ಬಿಟ್ಟು, 50ರ ವೇಗ ಬಂದೊಡನೆ ಪಾದ ಪೂರ್ತಿ ತೆಗೆದು, ಮತ್ತೆ ಹಗುರಾಗಿ ಊರಿ ಮೋಟಾರಿನಲ್ಲಿ ತೇಲಿಸಿಕೊಂಡು ಹೋದದ್ದೇ ಹೆಚ್ಚು ಫಲ ಕೊಟ್ಟಿತು. ಈ 1.5 ಲೀಟರಿನ ಮೂರು ಸಿಲಿಂಡರ್ ಎಂಜಿನ್ ಅಟ್ಕಿನ್ಸನ್ ಆವರ್ತದ್ದು, ಅಂದರೆ ಬಲಕ್ಕಿಂತ ಇಂಧನ ಉಳಿತಾಯಕ್ಕೆ ಒತ್ತು ಕೊಟ್ಟ ವಿನ್ಯಾಸ. ಮಧ್ಯಮ ಹೊರೆಯಲ್ಲಿ ಅದರ ದಕ್ಷತೆ ಚೆನ್ನಾಗಿರುತ್ತದೆ, ತೀರಾ ಕಡಿಮೆ ಹೊರೆಯಲ್ಲಿ ಇಳಿಯುತ್ತದೆ. ಎಂಜಿನ್ ಓಡುವಾಗ ಸರಿಯಾಗಿ ದುಡಿಯಬೇಕು, ಇಲ್ಲವಾದರೆ ಪೂರ್ತಿ ನಿಂತಿರಬೇಕು. ನಡುವಿನ ಅರೆಮನಸ್ಸಿನ ಓಟದಲ್ಲಿಯೇ ಪೆಟ್ರೋಲ್ ವ್ಯರ್ಥವಾಗುವುದು. ಆದರೆ ಮೂರು ಕಡೆಯಿಂದ ದ್ವಿಚಕ್ರಗಳು ನುಗ್ಗುವ ಸಂಜೆಯ ಹೊತ್ತಿನಲ್ಲಿ ಈ ಕ್ರಮ ನಡೆಯುವುದಿಲ್ಲ, ನಡೆಸಲು ಹೋಗಲೂಬಾರದು. ಬೆಳಿಗ್ಗೆ ಏಳಕ್ಕೆ ಮೊದಲು ತೆರವಾಗಿರುವ ರಸ್ತೆಗೆ ಇದು ಹೇಳಿ ಮಾಡಿಸಿದ್ದು.

ಎಲ್ಲಕ್ಕಿಂತ ದೊಡ್ಡ ವ್ಯತ್ಯಾಸವನ್ನು ನಾನು ಕಂಡದ್ದು ಬ್ರೇಕಿನಲ್ಲಿ. ಸುಮಾರು 1,300 ಕಿಲೋ ತೂಕದ ಕಾರು ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿರುವಾಗ ಅದರ ಚಲನಶಕ್ತಿ ಸುಮಾರು 0.05 ಕಿಲೋವ್ಯಾಟ್-ಗಂಟೆ. ಚಿಕ್ಕ ಸಂಖ್ಯೆಯಂತೆ ಕಂಡರೂ ಇಡೀ ಬ್ಯಾಟರಿಯ ಸಾಮರ್ಥ್ಯದ ಹದಿನೈದನೆಯ ಒಂದು ಭಾಗ ಅದು, ಮತ್ತು ನಗರದಲ್ಲಿ ಕಾರು ಅದೆಷ್ಟೋ ಸಲ ನಿಂತು ಹೊರಡುತ್ತದೆ. ಬ್ರೇಕನ್ನು ಮೆಲ್ಲಗೆ, ಬಹಳ ಮುಂಚಿತವಾಗಿ ಒತ್ತಿದರೆ ಮೋಟಾರೇ ಜನರೇಟರ್ ಆಗಿ ಕಾರನ್ನು ತಡೆಯುತ್ತದೆ, ಆ ಶಕ್ತಿಯ ಬಹುಪಾಲು ಬ್ಯಾಟರಿಗೆ ಮರಳುತ್ತದೆ. ಕೊನೆಯ ಕ್ಷಣದಲ್ಲಿ ಬಲವಾಗಿ ಒತ್ತಿದರೆ ಮೋಟಾರಿನ ಮಿತಿ ಮೀರಿ ಡಿಸ್ಕ್ ಬ್ರೇಕುಗಳು ಹಿಡಿಯುತ್ತವೆ. ಶಕ್ತಿ ಬಿಸಿಯಾಗಿ ಗಾಳಿಗೆ ಹೋಗುತ್ತದೆ. ಸಾರಕ್ಕಿ ಸಿಗ್ನಲ್ಲಿನ ಕೆಂಪು ದೀಪ ದೂರದಿಂದಲೇ ಕಂಡಾಗ ಮುಳ್ಳನ್ನು ಚಾರ್ಜ್ ವಲಯದೊಳಗೆ, ಅದರ ಕೊನೆಗೆ ತಾಗದಂತೆ ಹಿಡಿದುಕೊಂಡು ಬಂದರೆ, ಮುಂದಿನ ವಾಹನದ ಹಿಂದೆ ನಿಲ್ಲುವಷ್ಟರಲ್ಲಿ ಬ್ಯಾಟರಿಯ ಚಿತ್ರದಲ್ಲಿ ಒಂದು ಗೆರೆ ಏರಿರುವುದು ಎಷ್ಟೋ ಸಲ ಕಣ್ಣಿಗೇ ಕಾಣುತ್ತದೆ. ಆ ಗೆರೆಯೇ ಸಿಗ್ನಲ್ ಬಿಟ್ಟ ಮೇಲೆ ಕಾರನ್ನು ಎಂಜಿನ್ನಿನ ನೆರವಿಲ್ಲದೆ ಮುಂದಕ್ಕೆ ಒಯ್ಯುವುದು. ಉಳಿದ ಎಲ್ಲ ಅಭ್ಯಾಸಗಳನ್ನು ಹಾಗೆಯೇ ಇಟ್ಟು, ಬ್ರೇಕ್ ಒತ್ತುವ ಕ್ರಮವೊಂದನ್ನೇ ಬದಲಿಸಿದ ಟ್ಯಾಂಕಿನಲ್ಲಿ ಲೀಟರಿಗೆ 21ರ ಆಸುಪಾಸಿನಲ್ಲಿದ್ದ ಮೈಲೇಜ್ 24ಕ್ಕೆ ಬಂತು. ಬೇರೆ ಯಾವ ಒಂದೇ ಬದಲಾವಣೆಯಿಂದಲೂ ನನಗೆ ಇಷ್ಟು ಸಿಕ್ಕಿಲ್ಲ.

ಗೇರಿನ ಬಿ ಸ್ಥಾನದಲ್ಲಿಟ್ಟು ಓಡಿಸಿದರೆ ಇನ್ನೂ ಹೆಚ್ಚು ಚಾರ್ಜ್ ಆಗುತ್ತದೆಂಬ ನಂಬಿಕೆ ಇದೆ. ಅದು ಉದ್ದನೆಯ ಇಳಿಜಾರಿಗಾಗಿ ಇರುವ ಸ್ಥಾನ. ವೇಗ ತಡೆಯಲು ಎಂಜಿನ್ನನ್ನೂ ಸುತ್ತಿಸುವುದರಿಂದ ಅಲ್ಲಿ ಶಕ್ತಿ ನಷ್ಟವಾಗುತ್ತದೆ. ನಂದಿಬೆಟ್ಟದಿಂದ ಇಳಿಯುವಾಗ ಅರ್ಧ ದಾರಿಯಲ್ಲೇ ಬ್ಯಾಟರಿ ತುಂಬಿಬಿಡುತ್ತದೆ. ಅಲ್ಲಿಂದ ಮುಂದೆ ಬ್ರೇಕುಗಳು ಕಾಯದಿರಲು ಬಿ ಬೇಕೇ ಬೇಕು. ನಗರದೊಳಗೆ ಮಾಮೂಲಿ ಓಟದ ಡಿ ಸ್ಥಾನವೂ ಹಗುರಾದ ಬ್ರೇಕೂ ಸಾಕು. ನ್ಯೂಟ್ರಲ್ಲಿಗೆ ಹಾಕಿ ಉರುಳಿಸುವ ಪದ್ಧತಿಯಂತೂ ಹೈಬ್ರಿಡ್ಡಿಗೆ ಸಲ್ಲದು, ನ್ಯೂಟ್ರಲ್ಲಿನಲ್ಲಿ ಬ್ಯಾಟರಿ ಚಾರ್ಜ್ ಆಗುವುದೇ ಇಲ್ಲ.

ದಾರಿಯ ಆಯ್ಕೆಗೆ ಬಂದರೆ ಲೆಕ್ಕ ಸ್ವಲ್ಪ ಸೂಕ್ಷ್ಮವಾಗುತ್ತದೆ. ಕಚೇರಿಗೆ ನನಗೆ ಎರಡು ದಾರಿಗಳು: ಸಾರಕ್ಕಿ, ಜೆ.ಪಿ. ನಗರ, ಬಿ.ಟಿ.ಎಂ. ಬಡಾವಣೆ, ಸಿಲ್ಕ್ ಬೋರ್ಡ್ ಮೂಲಕ ಹೊಸೂರು ರಸ್ತೆ ಸೇರುವುದು ಒಂದು. ಕನಕಪುರ ರಸ್ತೆಯಲ್ಲೇ, ಊರ ಹೊರಗೆ ಸುತ್ತುವ ಟೋಲ್ ರಸ್ತೆಯಾದ ನೈಸ್ ರಸ್ತೆಗೆ ಹತ್ತಿ, ಬನ್ನೇರುಘಟ್ಟ ರಸ್ತೆಯನ್ನು ದಾಟಿ ಹೊಸೂರು ರಸ್ತೆಗೆ ಇಳಿಯುವುದು ಇನ್ನೊಂದು. ಸಾಮಾನ್ಯ ಪೆಟ್ರೋಲ್ ಕಾರಿಗೆ ಎರಡನೆಯದೇ ಉತ್ತಮವೆಂದು ಕಣ್ಣು ಮುಚ್ಚಿ ಹೇಳಬಹುದು. ಹೈಬ್ರಿಡ್ಡಿಗೆ ಹೊತ್ತನ್ನು ನೋಡಿ ಹೇಳಬೇಕಾಗುತ್ತದೆ. ಬೆಳಗಿನ ಜಾವದಲ್ಲಿ, 30ರಿಂದ 50ರ ವೇಗದಲ್ಲಿ ನಿಲ್ಲದೆ ಸಾಗುವ ಊರೊಳಗಿನ ದಾರಿಯೇ ಮೇಲು. ಲೀಟರಿಗೆ 26 ಬಂದದ್ದು ಅಲ್ಲಿಯೇ. ನೈಸ್ ರಸ್ತೆಯಲ್ಲಿ 80ರ ವೇಗದಲ್ಲಿ ಅದು 24ರ ಹತ್ತಿರ ನಿಲ್ಲುತ್ತದೆ. ಸಂಜೆ ಆರರ ನಂತರ ಎಲ್ಲವೂ ತಿರುಗುಮುರುಗು: ಸಿಲ್ಕ್ ಬೋರ್ಡಿನ ಬಳಿ ಕಾರು ಅಲುಗದೆ ನಿಂತು, ಎ.ಸಿ. ಬ್ಯಾಟರಿಯನ್ನು ಹೀರಿ, ಎಂಜಿನ್ ಮತ್ತೆ ಮತ್ತೆ ಹೊತ್ತಿಕೊಂಡು ಮೈಲೇಜ್ 20ಕ್ಕೆ ಇಳಿಯುತ್ತದೆ.

ಇಲ್ಲಿ ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕು. ಲೀಟರಿಗೆ ಎಷ್ಟು ಕಿಲೋಮೀಟರ್ ಎಂಬುದನ್ನಷ್ಟೇ ನೋಡುವವರು ಉದ್ದದ ದಾರಿಯನ್ನು ಹೊಗಳಿಬಿಡುತ್ತಾರೆ. ದಾರಿ ನಾಲ್ಕು ಕಿಲೋಮೀಟರ್ ಹೆಚ್ಚಾದರೆ ಮೈಲೇಜ್ ಚೆನ್ನಾಗಿ ಕಂಡರೂ ಖರ್ಚಾದ ಪೆಟ್ರೋಲ್ ಅಷ್ಟೇ ಇರಬಹುದು, ಅದರ ಮೇಲೆ ಟೋಲ್ ಬೇರೆ. ಮನೆಯಿಂದ ಕಚೇರಿಗೆ ಒಟ್ಟು ಎಷ್ಟು ಪೆಟ್ರೋಲ್ ಹೋಯಿತು ಎಂಬುದೇ ಸರಿಯಾದ ಪ್ರಶ್ನೆ. ಹಾಗೆ ಅಳೆದ ಮೇಲೆ ಹೋಗುವಾಗ ಊರೊಳಗಿನ ದಾರಿ, ಬರುವಾಗ ನೈಸ್ ರಸ್ತೆ ಎಂದು ನಿಶ್ಚಯಿಸಿಕೊಂಡಿದ್ದೇನೆ.

ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಹೋಲಿಕೆ ಸುಲಭ. ಬಿಡದಿಯನ್ನು ಹಾದು ಹೋಗುವಾಗ, ಈ ಕಾರು ತಯಾರಾದ ಊರಿನ ಪಕ್ಕದಲ್ಲೇ ಅದನ್ನು ಪರೀಕ್ಷಿಸುತ್ತಿದ್ದೇನೆಂಬ ಸಣ್ಣ ಸಂತೋಷವೂ ಇರುತ್ತದೆ. 80ರಲ್ಲಿ ಲೀಟರಿಗೆ 24. ಅನುಮತಿಸಿದ ಗರಿಷ್ಠ ವೇಗವಾದ 100ರಲ್ಲಿ 19ರಿಂದ 20. ಗಾಳಿಯ ತಡೆ ವೇಗದ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ 80ರಿಂದ 100ಕ್ಕೆ ಹೋದರೆ ಅದು ಅರ್ಧಕ್ಕಿಂತ ಹೆಚ್ಚು ಬೆಳೆಯುತ್ತದೆ. ಬ್ರೇಕ್ ಒತ್ತುವ ಪ್ರಸಂಗವೇ ಕಡಿಮೆಯಾದ್ದರಿಂದ ಮರಳಿ ಪಡೆಯಲು ಶಕ್ತಿಯೂ ಇರುವುದಿಲ್ಲ. ಹೈಬ್ರಿಡ್ ಎಂದರೆ ಎಲ್ಲ ಕಡೆಯೂ ಉಳಿತಾಯ ಎಂದುಕೊಂಡು, ಹೆದ್ದಾರಿಯಲ್ಲೇ ಹೆಚ್ಚು ಓಡಾಡುವವರು ಇದಕ್ಕೆ ಲಕ್ಷಾಂತರ ರೂಪಾಯಿ ಹೆಚ್ಚು ಕೊಡುವುದನ್ನು ನಾನು ಒಪ್ಪಲಾರೆ.

ನಮ್ಮ ಭಾವನವರ ಬಳಿ ಹೋಂಡಾ ಸಿಟಿ ಹೈಬ್ರಿಡ್ ಇದೆ. ಅದರ ಟ್ಯಾಂಕ್ 40 ಲೀಟರ್, ಕೆಲಸದ ರೀತಿಯೂ ಬೇರೆ: ನಗರದಲ್ಲಿ ಎಂಜಿನ್ ಹೆಚ್ಚಾಗಿ ವಿದ್ಯುತ್ ಉತ್ಪಾದಿಸುತ್ತದೆ, ಮೋಟಾರ್ ಕಾರನ್ನು ಎಳೆಯುತ್ತದೆ; ಹೆದ್ದಾರಿಯ ವೇಗದಲ್ಲಿ ಕ್ಲಚ್ ಸೇರಿಕೊಂಡು ಎಂಜಿನ್ನೇ ನೇರವಾಗಿ ಚಕ್ರ ತಿರುಗಿಸುತ್ತದೆ. ಸ್ಟೀರಿಂಗಿನ ಹಿಂದಿನ ಪ್ಯಾಡಲ್‌ಗಳಿಂದ ಶಕ್ತಿ ಮರಳಿಸುವ ತಡೆಯನ್ನು ಹೆಚ್ಚು ಕಡಿಮೆ ಮಾಡಿಕೊಳ್ಳಬಹುದಾದ್ದರಿಂದ ಪಾದಕ್ಕೆ ಕಲಿಸಬೇಕಾದದ್ದನ್ನು ಬೆರಳಿನಲ್ಲೇ ಸಾಧಿಸಬಹುದು. ಎತ್ತರ ಕಡಿಮೆಯ ಸೆಡಾನ್ ಆದ್ದರಿಂದ ಮೈಸೂರಿನ ದಾರಿಯಲ್ಲಿ ಅವರ ಕಾರು ನನ್ನದನ್ನು ಸ್ಪಷ್ಟವಾಗಿ ಮೀರಿಸಿತು. ನಗರದಲ್ಲಿ ಇಬ್ಬರದೂ ಹೆಚ್ಚುಕಡಿಮೆ ಸಮ.

ಎ.ಸಿ. ವಿಷಯದಲ್ಲಿ ಬೆಂಗಳೂರಿನವರು ಪುಣ್ಯವಂತರು. ಸಮುದ್ರ ಮಟ್ಟದಿಂದ 900 ಮೀಟರಿಗೂ ಎತ್ತರದ ಈ ಊರಿನಲ್ಲಿ ವರ್ಷದ ಬಹಳಷ್ಟು ಬೆಳಗುಗಳನ್ನು ಕಿಟಕಿ ತೆರೆದೇ ಕಳೆಯಬಹುದು. 50ರ ಒಳಗಿನ ವೇಗದಲ್ಲಿ ಕಿಟಕಿ, ಅದಕ್ಕಿಂತ ಮೇಲೆ ಕಿಟಕಿ ಮುಚ್ಚಿ 25 ಡಿಗ್ರಿಯ ಎ.ಸಿ. ಎಂಬುದು ನನ್ನ ಪದ್ಧತಿ. 22ರಲ್ಲಿ ಇಟ್ಟಾಗ ನಿಂತ ಸ್ಥಳದಲ್ಲಿ ಎಂಜಿನ್ ಹೊತ್ತಿಕೊಳ್ಳುವುದು ಎದ್ದು ಕಾಣುವಷ್ಟು ಹೆಚ್ಚುತ್ತದೆ. ಇಕೋ ಮೋಡಿಗೂ ನಾರ್ಮಲ್ ಮೋಡಿಗೂ ನನಗೆ ಹೇಳುವಂಥ ಅಂತರ ಸಿಗಲಿಲ್ಲ. ಪಾದ ಪಳಗಿದ ಮೇಲೆ ಎರಡೂ ಒಂದೇ.

ಸಣ್ಣ ಸುತ್ತಾಟಗಳದ್ದು ಬೇರೆಯೇ ಕಥೆ. ಹಾಲು, ತರಕಾರಿ, ಔಷಧಿ ಎಂದು ಬೇರೆ ಬೇರೆಯಾಗಿ ಕಾರು ತೆಗೆದರೆ ಪ್ರತಿ ಸಲವೂ ಎಂಜಿನ್ ತನ್ನನ್ನೂ ಹೊಗೆಯನ್ನು ಶುದ್ಧಿಮಾಡುವ ಕನ್ವರ್ಟರನ್ನೂ ಬಿಸಿಮಾಡಿಕೊಳ್ಳಲು ಪೆಟ್ರೋಲ್ ಸುಡುತ್ತದೆ, ಬ್ಯಾಟರಿ ತುಂಬಿದ್ದರೂ ಆರುವುದಿಲ್ಲ. ಎಲ್ಲವನ್ನೂ ಒಂದೇ ಸುತ್ತಿನಲ್ಲಿ ಮುಗಿಸುವುದಕ್ಕೆ ಇದಕ್ಕಿಂತ ಬೇರೆ ಕಾರಣ ಬೇಕಿಲ್ಲ.

ಈಗ ಬಂಕುಗಳಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ. 20ರಷ್ಟು ಎಥನಾಲ್ ಇದೆ. ಎಥನಾಲಿನ ಶಕ್ತಿ ಲೀಟರಿಗೆ ಪೆಟ್ರೋಲಿನ ಮೂರನೇ ಎರಡರಷ್ಟೇ ಆದ್ದರಿಂದ ಹಳೆಯ ಅಂಕಿಗಳೊಂದಿಗೆ ಇಂದಿನವನ್ನು ಹೋಲಿಸುವಾಗ ಅಷ್ಟನ್ನು ಕಳೆದು ನೋಡಬೇಕು. ಮೈಲೇಜ್ ಸ್ವಲ್ಪ ಇಳಿದರೆ ಅದು ಕಾರಿನ ದೋಷವೆಂದು ಸರ್ವೀಸ್ ಸೆಂಟರಿಗೆ ಓಡಬೇಕಾಗಿಲ್ಲ. ಓಡುವ ಮೊದಲು ನೋಡಬೇಕಾದದ್ದು ಟೈರಿನ ಗಾಳಿಯನ್ನು. ಎಷ್ಟಿರಬೇಕೆಂದು ಚಾಲಕನ ಬಾಗಿಲ ಚೌಕಟ್ಟಿನ ಚೀಟಿಯಲ್ಲಿ ಬರೆದಿರುತ್ತದೆ, ಟೈರು ತಣ್ಣಗಿರುವಾಗ ಅಳೆಯಬೇಕು. ಚೀಟಿಯಲ್ಲಿರುವುದಕ್ಕಿಂತ ಹೆಚ್ಚು ತುಂಬಿಸಿದರೆ ಮೈಲೇಜ್ ಇನ್ನೂ ಏರುತ್ತದೆಂದು ಮಾಡಿ ನೋಡುವವರಿದ್ದಾರೆ. ಮಳೆಗಾಲದ ಮೇಲ್ಸೇತುವೆಗಳ ಮೇಲೆ ನೆಲಕ್ಕೆ ಅಂಟುವ ರಬ್ಬರಿನ ಅಗಲವನ್ನು ಕಡಿಮೆ ಮಾಡಿಕೊಂಡು ಪೆಟ್ರೋಲ್ ಉಳಿಸುವ ಆ ಪ್ರಯೋಗವೊಂದನ್ನು ಮಾತ್ರ ನಾನು ಮಾಡಿಲ್ಲ, ಮಾಡುವುದೂ ಇಲ್ಲ.