ಸ್ಟೇಜ್‌ಗೆ ಹಚ್ಚುವ ಟ್ಯಾನ್ ಲೋಷನ್: ಕೆಲವು ಸೀಸನ್ ಬಳಸಿದ ಮೇಲೆ

ಮೈಗೆ ಹಚ್ಚಿ ಕಂದು ಬಣ್ಣ ಬರಿಸಿಕೊಳ್ಳುವ ಈ ಲೋಷನ್ ಮುಖ್ಯವಾಗಿ ಬಾಡಿ ಬಿಲ್ಡಿಂಗ್ ಸ್ಪರ್ಧೆಗೆ ಇಳಿಯುವವರಿಗೆ. ನಾವು ಹೇಗಿದ್ದರೂ ಕಂದು ಬಣ್ಣದವರೇ ಅಲ್ವಾ, ಮತ್ತೆ ಟ್ಯಾನ್ ಯಾಕೆ ಅಂತ ಕೇಳುವವರು ಒಮ್ಮೆ ಸ್ಟೇಜ್ ಲೈಟ್ ಕೆಳಗೆ ನಿಂತು ನೋಡಲಿ. ಆ ಬೆಳಕಿಗೆ ಎಂಥಾ ಮೈಯೂ ಬಿಳಿಚಿಕೊಳ್ಳುತ್ತದೆ, ತಿಂಗಳುಗಟ್ಟಲೆ ಬಾಯಿ ಕಟ್ಟಿ ತಂದ ಕಟ್ಸ್, ಅಂದರೆ ಸ್ನಾಯುಗಳ ನಡುವಿನ ಗೆರೆಗಳು, ಜಡ್ಜ್‌ಗಳಿಗೆ ಕಾಣುವುದೇ ಇಲ್ಲ.

ನಾನು ಬಳಸುವುದು ಡಿಎಚ್‌ಎ ಇರುವ ಲೋಷನ್. ಬ್ರಾಂಡ್ ಮಧ್ಯೆ ಬದಲಾಯಿಸಿದ್ದೇನೆ, ಹಾಗಾಗಿ ಹೆಸರು ಬೇಡ. ಬಣ್ಣ ಕೊಡುವ ವಸ್ತು ಎಲ್ಲದರಲ್ಲೂ ಒಂದೇ. ಡೈಹೈಡ್ರಾಕ್ಸಿಅಸಿಟೋನ್ ಅಂತ ಬಾಟಲಿ ಹಿಂದೆ ಬರೆದಿರುತ್ತದೆ. ಸಕ್ಕರೆ ಜಾತಿಯದು. ಚರ್ಮದ ತೀರಾ ಮೇಲಿನ, ಸತ್ತ ಪದರದಲ್ಲಿರುವ ಅಮೈನೋ ಆಮ್ಲದ ಜೊತೆ ಸೇರಿ ಕಂದಾಗುತ್ತದೆ. ಕಾವಲಿ ಮೇಲೆ ದೋಸೆ ಕೆಂಪಗಾಗುವುದೂ ಇದೇ ತರಹದ ಕ್ರಿಯೆ. 1950ರ ದಶಕದಲ್ಲಿ ಅಮೆರಿಕದ ಸಿನ್ಸಿನಾಟಿಯಲ್ಲಿ ಇದನ್ನು ಒಂದು ಕಾಯಿಲೆಯ ಮಕ್ಕಳಿಗೆ ಕುಡಿಸುತ್ತಿದ್ದರು, ಬಾಯಿಂದ ಮೈಮೇಲೆ ಚೆಲ್ಲಿದ ಕಡೆಯೆಲ್ಲ ಕಲೆಯಾಯಿತು, ಅದನ್ನು ಇವಾ ವಿಟ್‌ಗೆನ್‌ಸ್ಟೈನ್ ಎಂಬ ಸಂಶೋಧಕಿ ಗಮನಿಸಿದರು. ಈ ಉದ್ಯಮ ಶುರುವಾಗಿದ್ದು ಅಲ್ಲಿಂದ.

ನಮ್ಮ ಜಿಮ್‌ನಲ್ಲಿ ಕೆಲವರು ಇನ್ನೂ ಮಟಮಟ ಮಧ್ಯಾಹ್ನ ಎಣ್ಣೆ ಬಳಿದುಕೊಂಡು ಟೆರೇಸ್ ಮೇಲೆ ಮಲಗುತ್ತಾರೆ. ಸುಮ್ನೆ ಚರ್ಮ ಹಾಳು. ಬಿಸಿಲಿಗೆ ಮೈ ಕಪ್ಪಾಗುತ್ತಿದೆ ಅಂದರೆ ಒಳಗೆ ಪೆಟ್ಟು ಬಿದ್ದಾಗಿದೆ ಅಂತಲೇ ಅರ್ಥ. ಯುವಿ ದೀಪಗಳ ನಡುವೆ ಮಲಗಿ ಮೈ ಕಪ್ಪಾಗಿಸಿಕೊಳ್ಳುವ ಟ್ಯಾನಿಂಗ್ ಬೆಡ್ ಅಂತೂ ಬೇಡವೇ ಬೇಡ, ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2009ರಲ್ಲೇ ಅದನ್ನು ಕ್ಯಾನ್ಸರ್ ತರುತ್ತದೆ ಅಂತ ಖಚಿತವಾದ, ತಂಬಾಕು ಇರುವ ಗುಂಪಿಗೇ ಸೇರಿಸಿದೆ. ಮೈ ಕಪ್ಪಾಗಿಸಲು ಮೆಲನೋಟಾನ್ ಅಂತ ಇಂಜೆಕ್ಷನ್, ಮೂಗಿನ ಸ್ಪ್ರೇ ಆನ್‌ಲೈನ್‌ನಲ್ಲಿ ಮಾರುತ್ತಾರೆ, ಯಾರು ಎಷ್ಟೇ ಹೊಗಳಿದರೂ ಮುಟ್ಟಬೇಡಿ.

ಲೋಷನ್ ವಿಷಯಕ್ಕೆ ಬರೋಣ. ಫಲಿತಾಂಶದ ಮುಕ್ಕಾಲು ಪಾಲು ಹಚ್ಚುವ ಮೊದಲಿನ ತಯಾರಿಯಲ್ಲಿದೆ. ಹಿಂದಿನ ದಿನವೇ ಕೂದಲು ತೆಗೆದು, ಮೈಯನ್ನು ಒರಟು ಬಟ್ಟೆಯಲ್ಲಿ ಚೆನ್ನಾಗಿ ಉಜ್ಜಿ ಸ್ನಾನ ಮಾಡಬೇಕು. ಹಚ್ಚುವ ದಿನ ಡಿಯೋಡರೆಂಟ್, ಎಣ್ಣೆ, ಕ್ರೀಮ್ ಏನೂ ಬೇಡ. ಮೊಣಕೈ, ಮಂಡಿ, ಹಿಮ್ಮಡಿಯ ಒಣ ಚರ್ಮ ಬಣ್ಣವನ್ನು ಜಾಸ್ತಿ ಕುಡಿಯುತ್ತದೆ, ಅಲ್ಲಿಗೆ ಮಾತ್ರ ಚೂರು ಮಾಯಿಶ್ಚರೈಸರ್ ಸವರಿ. ಕೈಗೆ ಗ್ಲೌಸ್ ಹಾಕದಿದ್ದರೆ ಅಂಗೈ ಅರಿಶಿನ ಕಲಸಿದಂತಾಗುತ್ತದೆ, ಎಷ್ಟು ಸೋಪು ಹಾಕಿದರೂ ಹೋಗುವುದಿಲ್ಲ. ಬಣ್ಣ ಏರಲು ಕೆಲವು ಗಂಟೆ ಬೇಕು, ಅಷ್ಟು ಹೊತ್ತು ಬೆವರಬಾರದು. ಮಂಗಳೂರಿನ ಏಪ್ರಿಲ್‌ನಲ್ಲಿ ಬೆವರಬೇಡ ಅಂತ ಬಾಟಲಿ ಮೇಲೆ ಬರೆದವನಿಗೆ ನಮ್ಮ ಸೆಖೆ ಗೊತ್ತಿಲ್ಲ ಬಿಡಿ. ಎಸಿ ರೂಮ್ ಇದ್ದರೆ ಸರಿ, ಇಲ್ಲದಿದ್ದರೆ ಬೆನ್ನ ಮೇಲೆ ಗೆರೆ ಗ್ಯಾರಂಟಿ. ಸ್ಪರ್ಧೆಗೆ ಒಂದೇ ಕೋಟ್ ಸಾಲುವುದಿಲ್ಲ, ಒಣಗಿದ ಮೇಲೆ ಮತ್ತೆ ಮತ್ತೆ ಹಚ್ಚಬೇಕು.

ಬಣ್ಣ ಚೆನ್ನಾಗಿ ಬರುತ್ತದೆ, ಅದರಲ್ಲಿ ಎರಡು ಮಾತಿಲ್ಲ. ವಾಸನೆ ಮಾತ್ರ ಕೆಟ್ಟದು, ಪರಿಮಳ ಹಾಕಿದ್ದೇವೆ ಅನ್ನುವವರದೂ ಒಣಗುವಾಗ ಅದೇ ವಾಸನೆ. ಹಾಸಿಗೆಗೆ ಹಳೇ ಬೆಡ್‌ಶೀಟ್ ಹಾಕಿ, ಇಲ್ಲದಿದ್ದರೆ ಅಮ್ಮನ ಹತ್ತಿರ ಬೈಸಿಕೊಳ್ಳುತ್ತೀರಿ. ‘ಊರವರೆಲ್ಲ ಬೆಳ್ಳಗಾಗಲು ಕ್ರೀಮ್ ತರುತ್ತಾರೆ, ಇವನು ದುಡ್ಡು ಕೊಟ್ಟು ಕಪ್ಪಾಗುತ್ತಾನೆ’ ಅನ್ನುವುದು ನಮ್ಮ ಮನೆಯಲ್ಲಿ ಪ್ರತಿ ಸೀಸನ್‌ನ ಮಾತು. ಐದಾರು ದಿನದಲ್ಲಿ ಬಣ್ಣ ಉದುರುತ್ತದೆ, ಅದೂ ತೇಪೆ ತೇಪೆಯಾಗಿ. ಆ ವಾರ ಮದುವೆಗೆ ಹೋಗುವುದಿದ್ದರೆ ತುಂಬು ತೋಳಿನ ಅಂಗಿ ಹಾಕಿ.

ಚರ್ಮಕ್ಕೆ ಇಷ್ಟು ವರ್ಷದಲ್ಲಿ ನನಗೇನೂ ತೊಂದರೆ ಆಗಿಲ್ಲ. ಆದರೂ ಹೊಸ ಬಾಟಲಿ ತಂದಾಗ ಒಳತೋಳಿನ ಮೇಲೆ ಒಂದು ದಿನ ಹಚ್ಚಿ ನೋಡುತ್ತೇನೆ. ಸ್ಪ್ರೇ ರೂಪದ್ದು ಸಲೀಸು, ಆದರೆ ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಡಿಎಚ್‌ಎಗೆ ಒಪ್ಪಿಗೆ ಕೊಟ್ಟಿರುವುದು ಮೈಗೆ ಹಚ್ಚಲು ಮಾತ್ರ, ಉಸಿರಿಗೆ ಎಳೆದುಕೊಳ್ಳಲು ಅಲ್ಲ. ಹಾಗಾಗಿ ನಾನು ಲೋಷನ್ನೇ ತರುವುದು. ಇನ್ನೊಂದು, ಮೈ ಕಪ್ಪಾಗಿದೆ ಅಂತ ಬಿಸಿಲಿಗೆ ಧೈರ್ಯವಾಗಿ ಹೋಗಬೇಡಿ. ಈ ಬಣ್ಣ ಬಿಸಿಲನ್ನು ತಡೆಯುವುದಿಲ್ಲ, ಸನ್‌ಸ್ಕ್ರೀನ್ ಬೇರೆಯೇ ಹಚ್ಚಬೇಕು.

ಐದಕ್ಕೆ ನಾಲ್ಕು ಸ್ಟಾರ್. ಒಂದು ಕಡಿಮೆ ಮಾಡಿದ್ದು ವಾಸನೆಗೆ. ದೊಡ್ಡ ಬಾಟಲಿ ತರಬೇಡಿ, ತೆರೆದಿಟ್ಟದ್ದು ಮುಂದಿನ ಸೀಸನ್ ಹೊತ್ತಿಗೆ ಶಕ್ತಿ ಕಳೆದುಕೊಂಡಿರುತ್ತದೆ. ಬೆನ್ನಿಗೆ ಹಚ್ಚಲು ಒಬ್ಬ ಗೆಳೆಯನನ್ನು ಮೊದಲೇ ಒಪ್ಪಿಸಿಟ್ಟುಕೊಳ್ಳಿ.