ಸೆಂಟ್ರಲ್ಲಾ, ಜಂಕ್ಷನ್ನಾ? ಮಂಗಳೂರಿನ ಎರಡು ರೈಲು ನಿಲ್ದಾಣಗಳು

ಮಂಗಳೂರಿಗೆ ರೈಲು ಟಿಕೆಟ್ ಮಾಡುವಾಗ ದಿನಾಂಕಕ್ಕಿಂತ ಮೊದಲು ನಿಲ್ದಾಣದ ಕೋಡ್ ನೋಡಿ. ಎಂಎಕ್ಯೂ ಎಂದರೆ ಸೆಂಟ್ರಲ್, ಎಂಎಜೆಎನ್ ಎಂದರೆ ಜಂಕ್ಷನ್. ರಸ್ತೆಯಲ್ಲಿ ಎರಡರ ನಡುವೆ ಐದಾರು ಕಿಲೋಮೀಟರ್. ಸಂಜೆ ಹೊತ್ತು ಕಂಕನಾಡಿ, ಪಂಪ್‌ವೆಲ್ ದಾಟಬೇಕಾದರೆ ಅರ್ಧ ಗಂಟೆ ಬೇಕೇ ಬೇಕು. ರೈಲು ಹೊರಡಲು ಹತ್ತು ನಿಮಿಷ ಇರುವಾಗ ತಪ್ಪು ನಿಲ್ದಾಣದಲ್ಲಿ ಇದ್ದೀರಿ ಎಂದು ಗೊತ್ತಾದರೆ ಯಾವ ರಿಕ್ಷಾದವರೂ ಏನೂ ಮಾಡಲಾರರು.

ಸೆಂಟ್ರಲ್ ಹಳೆಯದು, 1907ರದ್ದು. ಕೇರಳದ ಶೊರನೂರು ಕಡೆಯಿಂದ ಕರಾವಳಿ ಹಿಡಿದು ಬಂದ ಹಳಿ ನೇತ್ರಾವತಿ ದಾಟಿ ಸೀದಾ ಪೇಟೆಯೊಳಗೇ ಬಂದು ನಿಂತಿತು. ಉತ್ತರಕ್ಕಾಗಲಿ ಘಟ್ಟದ ಮೇಲಕ್ಕಾಗಲಿ ಆಗ ರೈಲು ದಾರಿಯೇ ಇರಲಿಲ್ಲ, ಆದ್ದರಿಂದ ಇದನ್ನು ಕೊನೆಯ ನಿಲ್ದಾಣವಾಗಿಯೇ ಕಟ್ಟಿದರು. ಇಂದಿನ ಸುಖಕ್ಕೂ ಕಿರಿಕಿರಿಗೂ ಅದೇ ಮೂಲ. ಸುಖ ಏನೆಂದರೆ, ಒಂದನೇ ಪ್ಲಾಟ್‌ಫಾರ್ಮಿನಿಂದ ಹೊರಬಿದ್ದರೆ ಹಂಪನಕಟ್ಟೆಗೆ ನಡೆದೇ ಹೋಗಬಹುದು. ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣ ಸುಮಾರು ಒಂದು ಕಿಲೋಮೀಟರ್, ಅಲ್ಲಿಂದ ಉಡುಪಿಗೋ ಮೂಡುಬಿದಿರೆಗೋ ಬಸ್ಸಿಗೆ ಕೊರತೆಯಿಲ್ಲ. ಕೆಎಸ್‌ಆರ್‌ಟಿಸಿ ಬಸ್ ಬೇಕಾದವರು ಮಾತ್ರ ಬಿಜೈಗೆ ಹೋಗಬೇಕು.

ಕಿರಿಕಿರಿ ಏನೆಂದು ತಿಳಿಯಬೇಕಾದರೆ ಹಳಿಗಳ ನಕ್ಷೆ ಅರ್ಥವಾಗಬೇಕು. ಹಾಸನದ ಮೀಟರ್‌ಗೇಜ್ (ಒಂದು ಮೀಟರ್ ಅಗಲದ ಹಳಿ) ಮಾರ್ಗ ಬಂದದ್ದು 1979ರಲ್ಲಿ, ಕೊಂಕಣ ರೈಲ್ವೆಯ ಉಡುಪಿ–ಮಂಗಳೂರು ತುಂಡು 1993ರಲ್ಲಿ, ಮುಂಬೈವರೆಗಿನ ಪೂರ್ತಿ ಸಂಚಾರ 1998ರ ಜನವರಿ 26ಕ್ಕೆ. ಈ ಹೊಸ ದಾರಿಗಳೆಲ್ಲ ಸೇರುವುದು ಊರ ಹೊರಗೆ, ಹಿಂದೆ ಕಂಕನಾಡಿ ಎಂದು ಕರೆಯುತ್ತಿದ್ದ ಈಗಿನ ಜಂಕ್ಷನ್ ಬಳಿ. ಕೇರಳದಿಂದ ಬಂದ ಹಳಿ ನೇತ್ರಾವತಿ ಸೇತುವೆ ದಾಟಿದ ಮೇಲೆ ನೇತ್ರಾವತಿ ಕ್ಯಾಬಿನ್ ಎಂಬಲ್ಲಿ ಕವಲೊಡೆಯುತ್ತದೆ. ಒಂದು ಕವಲು ಸೆಂಟ್ರಲ್‌ಗೆ, ಇನ್ನೊಂದು ಜಂಕ್ಷನ್‌ಗೆ. ಕೇರಳದಿಂದ ಮುಂಬೈ, ದೆಹಲಿ ಕಡೆ ಹೋಗುವ ನೇತ್ರಾವತಿ, ಮಂಗಳಾ ಲಕ್ಷದ್ವೀಪದಂಥ ಗಾಡಿಗಳು ಪೇಟೆಯನ್ನು ಪಕ್ಕಕ್ಕೆ ಬಿಟ್ಟು ಜಂಕ್ಷನ್ ಮೇಲೆ ಹಾದುಹೋಗುತ್ತವೆ.

ಸೆಂಟ್ರಲ್‌ಗೆ ಬಂದು ಮುಂದೆ ಹೋಗಬೇಕಾದ ಗಾಡಿ ತಿರುಗಿ ಬಂದ ದಾರಿಯನ್ನೇ ಹಿಡಿಯಬೇಕು. ಕಣ್ಣೂರು–ಬೆಂಗಳೂರು ಗಾಡಿಯದ್ದೂ, ಬೆಂಗಳೂರು–ಮುರ್ಡೇಶ್ವರ ಗಾಡಿಯದ್ದೂ ಇದೇ ಕತೆ. ಮುಂದಿನ ಎಂಜಿನ್ ಕಳಚಬೇಕು, ಬಾಲದ ಕಡೆಗೆ ಎಂಜಿನ್ ಬಂದು ಕಪ್ಲಿಂಗ್ ಬೀಳಬೇಕು, ಬ್ರೇಕ್‌ಗೆ ಗಾಳಿ ಒಯ್ಯುವ ಬ್ರೇಕ್ ಪೈಪ್ ಮತ್ತು ಫೀಡ್ ಪೈಪ್ ಜೋಡಿಸಬೇಕು. ಚದರ ಸೆಂಟಿಮೀಟರಿಗೆ ಬ್ರೇಕ್ ಪೈಪಿನಲ್ಲಿ 5 ಕೆ.ಜಿ., ಫೀಡ್ ಪೈಪಿನಲ್ಲಿ 6 ಕೆ.ಜಿ. ಒತ್ತಡ ತುಂಬಿ, ಇನ್ನೊಂದು ತುದಿಯಲ್ಲಿ ಗಾರ್ಡ್ ಒತ್ತಡದ ಮಾಪಕ ನೋಡಿ ಸರಿ ಎಂದ ಮೇಲೆಯೇ ಹೊರಡುವುದು. ಎಲ್ಲೋ ಸೋರಿಕೆ ಸಿಕ್ಕರೆ ಅದು ಮುಗಿಯುವ ತನಕ ಕಾಯುವುದೇ. ಪ್ರಯಾಣಿಕರಿಗೆ ಇದರಲ್ಲಿ ಇನ್ನೊಂದು ಪೇಚು ಇದೆ: ಬೋಗಿಗಳ ಸಾಲು ತಲೆಕೆಳಗಾಗುತ್ತದೆ. ಆ್ಯಪಿನಲ್ಲಿ ಎಂಜಿನ್‌ನಿಂದ ಮೂರನೆಯದು ಎಂದಿದ್ದ ಬೋಗಿ ಜಂಕ್ಷನ್‌ನಲ್ಲಿ ಬಾಲದ ಕಡೆ ನಿಂತಿರಬಹುದು. ಬ್ಯಾಗು ಹೊತ್ತು ಓಡುವ ಬದಲು ಪ್ಲಾಟ್‌ಫಾರ್ಮಿನ ಬೋಗಿ ಸೂಚಕ ಫಲಕ ಬೆಳಗುವ ತನಕ ಮಧ್ಯದಲ್ಲಿ ನಿಲ್ಲುವುದೇ ಲೇಸು.

ಸೆಂಟ್ರಲ್‌ನಲ್ಲಿ ಬಹಳ ಕಾಲ ಇದ್ದದ್ದು ಮೂರೇ ಪ್ಲಾಟ್‌ಫಾರ್ಮ್. ಈಗ ನಾಲ್ಕು ಮತ್ತು ಐದು ಸೇರಿವೆ, ಉಸಿರಾಡಲು ಸ್ವಲ್ಪ ಜಾಗ ಸಿಕ್ಕಿದೆ. ಮುಂಬೈ ಸಿಎಸ್‌ಎಂಟಿ ಗಾಡಿ ಮಾತ್ರ ಇನ್ನೂ ಜಂಕ್ಷನ್‌ನಲ್ಲೇ ಕೊನೆಯಾಗುತ್ತದೆ. ಸೆಂಟ್ರಲ್‌ನಿಂದಲೇ ಮುಂಬೈಗೆ ಹೋಗಬೇಕೆಂದರೆ ಮತ್ಸ್ಯಗಂಧ ಎಕ್ಸ್‌ಪ್ರೆಸ್.

ಜಂಕ್ಷನ್ ಬಗ್ಗೆ ನಮ್ಮ ಅಭಿಪ್ರಾಯ ಇಷ್ಟೇ: ಹಳಿಯ ಲೆಕ್ಕದಲ್ಲಿ ಸರಿಯಾದ ಜಾಗ, ಜನರ ಲೆಕ್ಕದಲ್ಲಿ ಮೂಲೆ. ಕೇರಳ–ಮುಂಬೈ ಗಾಡಿಗಳನ್ನು ತಿರುಗಿಸುವ ರಗಳೆ ಇಲ್ಲದ್ದರಿಂದ ಅವು ಬೇಗ ಹೊರಟೇ ಬಿಡುತ್ತವೆ. ಆದರೆ ಹೆದ್ದಾರಿಯಿಂದ ಒಳಗಿನ ರಸ್ತೆ ಅಗಲವಿಲ್ಲ, ಸಿಟಿ ಬಸ್ ಸಿಗುವುದು ಅಪರೂಪ, ರಾತ್ರಿ ಇಳಿದವರಿಗೆ ರಿಕ್ಷಾವೇ ಗತಿ. ಬಾಡಿಗೆ ಮೊದಲೇ ಮಾತಾಡಿಕೊಳ್ಳಿ. ಇಲ್ಲಿಗೆ ಹೋಲಿಸಿದರೆ ಉಡುಪಿಯ ಇಂದ್ರಾಳಿ ನಿಲ್ದಾಣವೂ ಪೇಟೆಯಿಂದ ದೂರವೇ, ಆದರೆ ಉಡುಪಿ–ಮಣಿಪಾಲ ಬಸ್ಸುಗಳ ದಾರಿ ಹತ್ತಿರದಲ್ಲೇ ಇದೆ.

ಬೆಂಗಳೂರಿನಿಂದ ಕಾರವಾರಕ್ಕೆ ಹೋಗುವ ಪಂಚಗಂಗಾ ಎಕ್ಸ್‌ಪ್ರೆಸ್ ಈ ಎರಡೂ ನಿಲ್ದಾಣಕ್ಕೆ ಬರುವುದಿಲ್ಲ. ಪಡೀಲ್‌ನ ಬೈಪಾಸ್ ಹಳಿಯಲ್ಲಿ ಹೊರಳಿ, ಕುಲಶೇಖರದ ಸುರಂಗ ದಾಟಿ ಸುರತ್ಕಲ್ ಕಡೆ ಹೋಗುತ್ತದೆ. ಉಡುಪಿ, ಕುಂದಾಪುರದವರಿಗೆ ಸಮಯ ಉಳಿಯುತ್ತದೆ. ಮಂಗಳೂರಿನವರು ಕಣ್ಣೂರಿನ ಅಥವಾ ಮುರ್ಡೇಶ್ವರದಂಥ ಬೇರೆ ಗಾಡಿಗೆ ಟಿಕೆಟ್ ಮಾಡಬೇಕು. ಉಡುಪಿಯವರು ಮುರ್ಡೇಶ್ವರದ ಗಾಡಿಯಲ್ಲಿ ಬಂದರೆ ಸೆಂಟ್ರಲ್‌ಗೆ ಹೋಗಿ ಹಿಂದೆ ಬರುವ ತನಕ ಕಿಟಕಿ ಪಕ್ಕ ಕೂತು ಆಕಳಿಸಬೇಕು.

ಹಾಸನದ ಕಡೆಯ ಘಟ್ಟದ ಮಾರ್ಗವನ್ನು ಮೀಟರ್‌ಗೇಜಿನಿಂದ ಬ್ರಾಡ್‌ಗೇಜಿಗೆ ಬದಲಿಸಲೆಂದು 1996ರಲ್ಲಿ ಮುಚ್ಚಿ, ಪ್ರಯಾಣಿಕರಿಗೆ ಮತ್ತೆ ತೆರೆದದ್ದು 2007ರ ಡಿಸೆಂಬರಿನಲ್ಲಿ. ಸಕಲೇಶಪುರ–ಸುಬ್ರಹ್ಮಣ್ಯ ರೋಡ್ ನಡುವಿನ 55 ಕಿಲೋಮೀಟರಿನಲ್ಲಿ 57 ಸುರಂಗ, ಏರು 50ಕ್ಕೆ 1. ಇದನ್ನು ಕಣ್ಣಾರೆ ನೋಡಬೇಕಿದ್ದರೆ ಹಗಲು ಗಾಡಿಯ, ದೊಡ್ಡ ಗಾಜಿನ ಕಿಟಕಿಗಳಿರುವ ವಿಸ್ಟಾಡೋಮ್ ಬೋಗಿ ಹಿಡಿಯಿರಿ, ಅದಕ್ಕೆ ಹತ್ತಬೇಕಾದದ್ದು ಜಂಕ್ಷನ್‌ನಲ್ಲಿ.

ಮಳೆಗಾಲಕ್ಕೆ ಎರಡು ಮಾತು. ಕೊಂಕಣ ರೈಲ್ವೆಗೆ ಜೂನ್‌ನಿಂದ ಅಕ್ಟೋಬರ್ ತನಕ ಬೇರೆಯೇ ವೇಳಾಪಟ್ಟಿ ಇರುತ್ತದೆ, ಕಳೆದ ಬೇಸಗೆಯ ಹೊತ್ತನ್ನು ನಂಬಿ ಹೊರಡಬೇಡಿ. ಮಳೆ ಜೋರಾಗಿ ಎದುರು ಕಾಣದಿದ್ದರೆ ವೇಗ ಗಂಟೆಗೆ 40 ಕಿಲೋಮೀಟರಿಗೆ ಇಳಿಯುತ್ತದೆ. 2019ರ ಆಗಸ್ಟಿನಲ್ಲಿ ಕುಲಶೇಖರದ ಬಳಿ ಗುಡ್ಡ ಜರಿದು ದಿನಗಟ್ಟಲೆ ದಾರಿ ಮುಚ್ಚಿತ್ತು. ಗಾಡಿ ತಡವಾದರೆ ಯಾರನ್ನು ಕೇಳಬೇಕೆಂಬುದೂ ಇಲ್ಲಿ ಸುಲಭವಲ್ಲ: ಎರಡೂ ನಿಲ್ದಾಣ ದಕ್ಷಿಣ ರೈಲ್ವೆಯ ಪಾಲಕ್ಕಾಡ್ ವಿಭಾಗಕ್ಕೆ ಸೇರಿದವು, ಪಡೀಲಿನಿಂದ ಆಚೆ ಘಟ್ಟದ ಕಡೆ ನೈಋತ್ಯ ರೈಲ್ವೆಯ ಮೈಸೂರು ವಿಭಾಗ, ತೋಕೂರಿನಿಂದ ಉತ್ತರಕ್ಕೆ ಕೊಂಕಣ ರೈಲ್ವೆ. ದೂರು ಬರೆಯುವಾಗ ಗಾಡಿ ಸಂಖ್ಯೆಯ ಜೊತೆ ಎಲ್ಲಿ ನಿಂತಿತ್ತು ಎಂಬುದನ್ನೂ ಬರೆಯಿರಿ.